ಹಳ್ಳ ಎಷ್ಟು ದಿನ ಹರಿಯಿತು: ಗ್ಯಾಲಕ್ಸಿಗಳ ಅನಿಲದ ಮೀಮಾಂಸೆ

ವಿಷಯ

ಮೇಲೂರಿನ ಕೆರೆ ಏರಿಯ ಮೇಲೆ ಸಂಜೆ ಕೂತರೆ ಮಾತು ಎಲ್ಲಿ ಶುರುವಾದರೂ ನೀರಿಗೇ ಬಂದು ನಿಲ್ಲುತ್ತದೆ. ಶಿಡ್ಲಘಟ್ಟ ಸೀಮೆಯೇ ಅಂಥದ್ದು. ಹಿಪ್ಪುನೇರಳೆ ಬೇಕು, ದ್ರಾಕ್ಷಿ ಬೇಕು, ಎರಡಕ್ಕೂ ನೀರು ಬೇಕು; ವರ್ಷವಿಡೀ ಹರಿಯುವ ಹೊಳೆ ಮಾತ್ರ ಒಂದೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎರಡೂ ಇದೇ ನಂದಿಯ ಬೆಟ್ಟಸಾಲಿನ ಆಸುಪಾಸಿನಲ್ಲಿ ಹುಟ್ಟುತ್ತವೆ. ತವರಿಗೆ ಹೆಸರನ್ನು ಬಿಟ್ಟು ನೀರನ್ನು ಆಂಧ್ರಕ್ಕೂ ತಮಿಳುನಾಡಿಗೂ ಒಯ್ಯುತ್ತವೆ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು. ಒಂದರ ಕೋಡಿ ಇನ್ನೊಂದರ ಕಾಲುವೆಯಾಗುವಂತೆ ಸರಪಳಿಯಾಗಿ ಕಟ್ಟಿದರು. ತೂಬು ಕಾಯಲು ನೀರುಗಂಟಿಯನ್ನು ಇಟ್ಟರು.

2021ರ ನವೆಂಬರಿನಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿ ಬಿದ್ದಾಗ, ನೀರುಗಂಟಿ ಮನೆತನದ ಹಿರಿಯರೊಬ್ಬರು ಏರಿಯ ಮೇಲೆ ನಿಂತು ನನಗೊಂದು ಮಾತು ಹೇಳಿದರು: "ಕೆರೆ ತುಂಬ್ತಾ ತುಂಬ್ತಾ ಅಂತ ಎಲ್ರೂ ಕೇಳ್ತಾರೆ ಮೇಷ್ಟ್ರೇ. ಹಳ್ಳ ಎಷ್ಟು ದಿನ ಹರೀತು ಅಂತ ಒಬ್ರೂ ಕೇಳಲ್ಲ. ಗದ್ದೆಗೆ ಲೆಕ್ಕ ಅದು."

ಅವರಿಗೆ ಖಗೋಳಶಾಸ್ತ್ರದ ಗೊಡವೆ ಇರಲಿಲ್ಲ. ನನ್ನ ತಲೆಯಲ್ಲಿ ಆಗ ಅದೇ ತುಂಬಿತ್ತು. ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ಯಾವ ವೇಗದಲ್ಲಿ ಹುಟ್ಟುತ್ತವೆ, ಆ ವೇಗವನ್ನು ಹಿಡಿದಿಟ್ಟಿರುವುದು ಯಾವುದು ಎಂಬುದರ ಬಗ್ಗೆ ಓದುತ್ತಿದ್ದೆ. ಖಗೋಳ ವಿಜ್ಞಾನಿಗಳು ಕಳೆದ ಐವತ್ತು ವರ್ಷಗಳಲ್ಲಿ ನಿಧಾನವಾಗಿ ಬಂದು ಮುಟ್ಟಿರುವ ಜಾಗವೂ ಹೆಚ್ಚುಕಡಿಮೆ ಆ ಹಿರಿಯರು ನಿಂತ ಜಾಗವೇ. ನಕ್ಷತ್ರಗಳ ಕಚ್ಚಾಮಾಲು ಅನಿಲ, ಅದರಲ್ಲೂ ಮುಖ್ಯವಾಗಿ ಜಲಜನಕ. ಗ್ಯಾಲಕ್ಸಿಯಲ್ಲಿ ಅದು ಎಷ್ಟು ದಾಸ್ತಾನಿದೆ ಎಂಬುದಕ್ಕಿಂತ ಹೊರಗಿನಿಂದ ಎಷ್ಟು ಬರುತ್ತಿದೆ ಎಂಬುದೇ ದೀರ್ಘಕಾಲದಲ್ಲಿ ನಕ್ಷತ್ರೋತ್ಪತ್ತಿಯನ್ನು ಆಳುತ್ತದೆ. ಇದು ನಾನು ಎತ್ತಿ ಹಿಡಿಯುವ ಪಕ್ಷ.

ನಮ್ಮ ಮೀಮಾಂಸಕರು ಒಂದು ಅಧಿಕರಣಕ್ಕೆ ಐದು ಅಂಗ ಹೇಳುತ್ತಾರೆ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ವಾದಕ್ಕೆ ಇಷ್ಟು ಶಿಸ್ತಾದ ಚೌಕಟ್ಟು ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ನಾವೇ ಹೇಳಿ ಆಮೇಲೆ ಉತ್ತರ ಕೊಡಬೇಕು ಎನ್ನುವುದು ಅದರ ಮರ್ಯಾದೆ. ಅದೇ ದಾರಿ ಹಿಡಿಯುತ್ತೇನೆ, ಅಂಗಗಳ ಅಳತೆಯಲ್ಲಿ ಮಾತ್ರ ಸ್ವಲ್ಪ ಸಡಿಲ.

ಸಂಶಯ

ಇಲ್ಲಿ ಸಂಶಯಕ್ಕೆ ಕಾರಣ ಒಂದು ಗಟ್ಟಿ ಸಂಗತಿ. ವಿಶ್ವದಲ್ಲಿ ನಕ್ಷತ್ರಗಳು ಹುಟ್ಟುವ ದರ ಒಂದೇ ಸಮನಾಗಿಲ್ಲ. ಸುಮಾರು 1000 ಕೋಟಿ ವರ್ಷಗಳ ಹಿಂದೆ ಅದು ಉತ್ತುಂಗದಲ್ಲಿತ್ತು. ಅಲ್ಲಿಂದ ಇಲ್ಲಿಗೆ ಹತ್ತು ಪಟ್ಟು ಇಳಿದಿದೆ. ನಮ್ಮ ಕ್ಷೀರಪಥ ಈಗ ವರ್ಷಕ್ಕೆ ಒಂದೆರಡು ಸೂರ್ಯರ ತೂಕದ ನಕ್ಷತ್ರಗಳನ್ನು ಮಾತ್ರ ಹೆರುತ್ತದೆ. ಹುಟ್ಟಿನ ಈ ಬರಗಾಲಕ್ಕೆ ಕಾರಣವೇನು? ಅನಿಲವನ್ನು ನಕ್ಷತ್ರ ಮಾಡುವ ಕೈ ಸೋತಿತೇ, ಅಥವಾ ಅನಿಲವೇ ಬರುವುದು ಕಮ್ಮಿಯಾಯಿತೇ?

ಮೊದಲ ಪೂರ್ವಪಕ್ಷ: ದಾಸ್ತಾನೇ ಯಜಮಾನ

ಇದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಪೂರ್ವಪಕ್ಷಿ ಹೇಳುತ್ತಾನೆ: ನಕ್ಷತ್ರ ಹುಟ್ಟುವುದು ಗ್ಯಾಲಕ್ಸಿಯ ಹೊರಗಲ್ಲ, ಒಳಗೆ; ದಟ್ಟವಾದ, ಥಣ್ಣಗಿನ ಅಣು ಮೋಡಗಳ ಗರ್ಭದಲ್ಲಿ. ಅಲ್ಲಿ ಗುರುತ್ವ ಒಳಕ್ಕೆ ಎಳೆಯುತ್ತದೆ, ಕ್ಷೋಭೆಯೂ ಕಾಂತಕ್ಷೇತ್ರವೂ ಎದುರು ನಿಲ್ಲುತ್ತವೆ. ಲಕ್ಷಾಂತರ ಜ್ಯೋತಿರ್ವರ್ಷ ದೂರದಿಂದ ಎಷ್ಟು ಅನಿಲ ಬೀಳುತ್ತಿದೆ ಎಂಬ ಸುದ್ದಿ ಆ ಮೋಡಕ್ಕೆ ಹೇಗೆ ಗೊತ್ತಾಗಬೇಕು? ಮೇಲಾಗಿ 1959ರಲ್ಲೇ ಮಾರ್ಟಿನ್ ಶ್ಮಿಟ್ ಅವರು, ಅನಿಲದ ಸಾಂದ್ರತೆ ಹೆಚ್ಚಿದಂತೆ ನಕ್ಷತ್ರೋತ್ಪತ್ತಿ ಹೆಚ್ಚುತ್ತದೆ ಎಂಬ ನಿಯಮವನ್ನು ಮುಂದಿಟ್ಟರು. 1998ರಲ್ಲಿ ರಾಬರ್ಟ್ ಕೆನಿಕಟ್ ಅದನ್ನು ಅನೇಕ ಗ್ಯಾಲಕ್ಸಿಗಳ ಮೇಲೆ ಅಳೆದು, ಏರಿಕೆಯ ಘಾತ ಸುಮಾರು 1.4 ಎಂದು ತೋರಿಸಿದರು. ಅಂದರೆ ಈ ಹೊತ್ತು ಕೈಯಲ್ಲಿರುವ ಅನಿಲವೇ ಈ ಹೊತ್ತಿನ ಹುಟ್ಟನ್ನು ಗೊತ್ತುಮಾಡುತ್ತದೆ. ಹರಿವಿನ ಮಾತು ಎಲ್ಲಿಂದ ಬಂತು?

ಉತ್ತರ

ಈ ಹೊತ್ತಿನ ಹುಟ್ಟು ಈ ಹೊತ್ತಿನ ದಾಸ್ತಾನಿನಿಂದಲೇ ಎಂಬುದು ನಿಜ. ಕೆನಿಕಟ್ ನಿಯಮವನ್ನು ಬಿಟ್ಟು ವಾದ ಮಾಡಬೇಕಾದ ಅಗತ್ಯವೇ ನನಗಿಲ್ಲ. ಆದರೆ ದಾಸ್ತಾನನ್ನು ಯಾರು ನಿರ್ಧರಿಸಿದರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಕೆರೆಗೆ ಬನ್ನಿ. ಹಳ್ಳ ಒಂದೇ ಸಮ ಹರಿಯುತ್ತಿದೆ, ಕೋಡಿಯೂ ಬಿದ್ದಿದೆ ಎಂದಿಟ್ಟುಕೊಳ್ಳಿ. ಕೋಡಿಯ ಬಾಯಿ ಹತ್ತು ಮೊಳ ಅಗಲವಿದ್ದರೆ ನೀರು ಅದರ ಮೇಲೆ ತೆಳ್ಳಗೆ ಹರಿಯುತ್ತದೆ. ಯಾರೋ ಅಡ್ಡ ಕಲ್ಲು ಹಾಕಿ ಅದನ್ನು ಐದು ಮೊಳಕ್ಕೆ ಇಳಿಸಿದರು. ಏನಾಯಿತು? ಮೊದಲು ಸ್ವಲ್ಪ ಹೊತ್ತು ನೀರು ಕಮ್ಮಿ ಹೋಯಿತು, ಕೆರೆಯ ಮಟ್ಟ ಏರಿತು, ಏರಿದ ಮಟ್ಟದ ಒತ್ತಡಕ್ಕೆ ಅದೇ ಕಿರಿದಾದ ಬಾಯಿಯಿಂದ ಜೋರಾಗಿ ನುಗ್ಗಿತು. ಕಡೆಗೆ ಒಳಗೆ ಬಂದಷ್ಟೇ ಹೊರಗೆ. ಕೋಡಿಯ ಅಗಲ ಕೆರೆಯ ಮಟ್ಟವನ್ನು ಬದಲಾಯಿಸಿತು. ಹೊರಗೆ ಹೋಗುವ ನೀರನ್ನು ಬದಲಾಯಿಸಲಿಲ್ಲ.

ಗ್ಯಾಲಕ್ಸಿಯ ಲೆಕ್ಕ ಇದೇ. ಬರುವ ಅನಿಲಕ್ಕೆ ಮೂರು ಗತಿ. ಒಂದಿಷ್ಟು ನಕ್ಷತ್ರವಾಗುತ್ತದೆ. ಹಾಗೆ ನಕ್ಷತ್ರವಾದದ್ದರಲ್ಲಿ ಒಂದು ಪಾಲು, ದೊಡ್ಡ ನಕ್ಷತ್ರಗಳು ಸಾಯುವಾಗ, ಮತ್ತೆ ಅನಿಲವಾಗಿ ಮರಳುತ್ತದೆ. ಇದನ್ನು ನೂರಕ್ಕೆ ನಲವತ್ತು ಎಂದು ಇಟ್ಟುಕೊಳ್ಳೋಣ. ಇನ್ನೊಂದಿಷ್ಟು ಸೂಪರ್ನೋವಾಗಳ ಒದೆತಕ್ಕೆ ಗ್ಯಾಲಕ್ಸಿಯಿಂದ ಹೊರಗೆ ಚೆಲ್ಲುತ್ತದೆ. ಒಂದು ಸೂರ್ಯತೂಕದ ನಕ್ಷತ್ರ ಹುಟ್ಟಿದರೆ ಒಂದು ಸೂರ್ಯತೂಕದ ಅನಿಲ ಹೊರಕ್ಕೆ ಹೋಗುತ್ತದೆ ಎನ್ನೋಣ. ಹಾಗಾದರೆ ಒಂದು ಪಾಲು ನಕ್ಷತ್ರಕ್ಕೆ ತಗಲುವ ನಿಜವಾದ ಖರ್ಚು 0.6 ಕೂಡಿಸು 1, ಅಂದರೆ 1.6. ವರ್ಷಕ್ಕೆ 10 ಸೂರ್ಯತೂಕದ ಅನಿಲ ಬರುತ್ತಿದ್ದರೆ, ಸಮತೋಲದಲ್ಲಿ ಹುಟ್ಟುವ ನಕ್ಷತ್ರ 10 ಭಾಗಿಸು 1.6, ಅಂದರೆ 6.25 ಸೂರ್ಯತೂಕ.

ಈ ಲೆಕ್ಕದಲ್ಲಿ ಮೋಡದ ಕ್ಷೋಭೆ, ಕಾಂತಕ್ಷೇತ್ರ ಎಲ್ಲಿ ಬಂತು? ಬರಲೇ ಇಲ್ಲ. ಈಗ ಅದನ್ನು ತರೋಣ. ಅನಿಲವನ್ನು ಈಗಿನ ದರದಲ್ಲಿ ನಕ್ಷತ್ರ ಮಾಡಿ ಮುಗಿಸಲು 100 ಕೋಟಿ ವರ್ಷ ಬೇಕಾಗುವ ಚುರುಕು ಗ್ಯಾಲಕ್ಸಿಯಾದರೆ ದಾಸ್ತಾನು 625 ಕೋಟಿ ಸೂರ್ಯತೂಕಕ್ಕೆ ನಿಲ್ಲುತ್ತದೆ. 200 ಕೋಟಿ ವರ್ಷ ಬೇಕಾಗುವ ಮಂದ ಗ್ಯಾಲಕ್ಸಿಯಾದರೆ 1250 ಕೋಟಿಗೆ ನಿಲ್ಲುತ್ತದೆ. ಹುಟ್ಟು ಎರಡರಲ್ಲೂ ಅದೇ 6.25. ಅಣು ಮೋಡದ ಒಳಗಿನ ಭೌತವಿಜ್ಞಾನ ಕೋಡಿಯ ಅಗಲವಿದ್ದಂತೆ. ಅದು ದಾಸ್ತಾನಿನ ಮಟ್ಟವನ್ನು ಗೊತ್ತುಮಾಡುತ್ತದೆ. ಒಟ್ಟು ಉತ್ಪತ್ತಿಯನ್ನು ಗೊತ್ತುಮಾಡುವುದು ಹಳ್ಳ. 2010ರಿಂದ 2013ರ ನಡುವೆ ಬೂಶೆ, ದವೆ, ಲಿಲಿ ಮೊದಲಾದವರ ಗುಂಪುಗಳು ಈ ಲೆಕ್ಕವನ್ನು ಬೇರೆ ಬೇರೆ ರೂಪದಲ್ಲಿ ಕಟ್ಟಿದವು. ಪಶ್ಚಿಮದವರು ಇದಕ್ಕೆ ಸ್ನಾನದ ತೊಟ್ಟಿಯ ಹೋಲಿಕೆ ಕೊಡುತ್ತಾರೆ. ಅವರು ಕೆರೆ ನೋಡಿಲ್ಲ, ಪಾಪ.

ಒಂದು ಕಡೆ ಮಾತ್ರ ಪೂರ್ವಪಕ್ಷಿ ಗೆಲ್ಲುತ್ತಾನೆ, ಅದನ್ನು ಮುಚ್ಚಿಡುವುದಿಲ್ಲ. ಸಮತೋಲಕ್ಕೆ ಬರಲು ಕಾಲ ಬೇಕು. ಮೇಲಿನ ಚುರುಕು ಗ್ಯಾಲಕ್ಸಿಗೆ ಅದು 60 ಕೋಟಿ ವರ್ಷದ ಆಸುಪಾಸು; 1380 ಕೋಟಿ ವರ್ಷದ ವಿಶ್ವದಲ್ಲಿ ಅದು ದೊಡ್ಡದಲ್ಲ. ಆದರೆ ಕುಬ್ಜ ಗ್ಯಾಲಕ್ಸಿಗಳೂ ಮಂದಪ್ರಭೆಯ ಗ್ಯಾಲಕ್ಸಿಗಳೂ ಇವೆ. ಅವುಗಳ ಜಲಜನಕ ಎಷ್ಟು ತೆಳ್ಳಗೆ ಹರಡಿದೆಯೆಂದರೆ ಈಗಿನ ದರದಲ್ಲಿ ಮುಗಿಸಲು ವಿಶ್ವದ ವಯಸ್ಸೇ ಸಾಲದು. ಅಂಥ ಕೆರೆ ಇನ್ನೂ ಕೋಡಿ ಮಟ್ಟಕ್ಕೇ ಬಂದಿಲ್ಲ. ಅಲ್ಲಿ ದಾಸ್ತಾನೂ ಮೋಡದ ಒಳಗಿನ ಭೌತವಿಜ್ಞಾನವೂ ಯಜಮಾನರು. ನನ್ನ ಸಿದ್ಧಾಂತ ಅವಕ್ಕೆ ಅನ್ವಯಿಸುವುದಿಲ್ಲ.

ಎರಡನೆಯದು: ಹರಿವನ್ನು ಕಂಡವರು ಯಾರು?

ಲೆಕ್ಕ ಚೆನ್ನಾಗಿದೆ, ಹಳ್ಳ ಎಲ್ಲಿ ತೋರಿಸಿ ಎನ್ನುತ್ತಾನೆ ಪೂರ್ವಪಕ್ಷಿ. ನ್ಯಾಯವಾದ ಮಾತು. ಗ್ಯಾಲಕ್ಸಿಗಳ ನಡುವಿನಿಂದ ಬೀಳುವ ಅನಿಲ ಬಲು ತೆಳು, ಹೆಚ್ಚಿನದು ಬೆಳಕು ಬೀರದು. ಪ್ರತ್ಯಕ್ಷಕ್ಕಿಂತ ಇಲ್ಲಿ ಅನುಮಾನ ಪ್ರಮಾಣವೇ ಹೆಚ್ಚು ದುಡಿಯಬೇಕು.

ಪ್ರತ್ಯಕ್ಷವೂ ಇಲ್ಲದಿಲ್ಲ. 1963ರಲ್ಲಿ ಮುಲ್ಲರ್, ಊರ್ಟ್, ರೇಮಂಡ್ ಎಂಬ ಮೂವರು ಡಚ್ ಖಗೋಳಜ್ಞರು ಕ್ಷೀರಪಥದ ತಟ್ಟೆಯ ಜೊತೆ ತಿರುಗದೆ ಬೇರೆಯದೇ ವೇಗದಲ್ಲಿ ನಮ್ಮ ಕಡೆ ಬರುತ್ತಿರುವ ಜಲಜನಕ ಮೋಡಗಳನ್ನು ಕಂಡರು. ಇವುಗಳಲ್ಲಿ ಕೆಲವು ಭಾರಧಾತುಗಳಲ್ಲಿ ಬಡವು, ಸೂರ್ಯನಲ್ಲಿರುವುದರ ಒಂದು ಸಣ್ಣ ಪಾಲು ಮಾತ್ರ. ಅಂದರೆ ನಕ್ಷತ್ರಗಳ ಒಲೆಯಲ್ಲಿ ಹೆಚ್ಚು ಬೇಯದ ಹೊಸ ಅನಿಲ. ಆದರೆ ಈ ತಣ್ಣನೆ ಮೋಡಗಳಷ್ಟೇ ಕ್ಷೀರಪಥದ ಹಸಿವಿಗೆ ಸಾಲವು. 2011ರಲ್ಲಿ ಲೆಹ್ನರ್ ಮತ್ತು ಹೋಕ್ ಅವರು ಹಬಲ್ ದೂರದರ್ಶಕದಿಂದ ಅಯಾನೀಕೃತ ಮೋಡಗಳನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ವರ್ಷಕ್ಕೆ ಸುಮಾರು ಒಂದು ಸೂರ್ಯತೂಕದ ಒಳಹರಿವು ಸಿಕ್ಕಿತು. ಖರ್ಚಿಗೂ ಜಮೆಗೂ ಅಲ್ಲಿಗೆ ಹತ್ತಿರ ಬಂತು.

ಇನ್ನು ಅನುಮಾನ. ಇದರ ಪ್ರಬಲ ಸಾಕ್ಷಿ ನಮ್ಮ ಜಿಲ್ಲೆಯ ಕೊಳವೆಬಾವಿಗೆ ಹತ್ತಿರದ್ದು. ಮಳೆ ಇಂಗದೆ, ಸಾವಿರ ಅಡಿ ದಾಟಿ ಕೊರೆದ ಹಳೆಯ ನೀರಿನಲ್ಲಿ ಫ್ಲೋರೈಡ್ ಏರುತ್ತದೆ ಎಂಬುದು ಚಿಕ್ಕಬಳ್ಳಾಪುರದವರಿಗೆ ಹಲ್ಲಿನಲ್ಲೇ ಗೊತ್ತು. ಗ್ಯಾಲಕ್ಸಿಯ ಅನಿಲಕ್ಕೂ ಹೀಗೇ. ನಕ್ಷತ್ರಗಳು ಒಂದೊಂದು ತಲೆಮಾರು ಸತ್ತಾಗಲೂ ಕಬ್ಬಿಣ, ಆಮ್ಲಜನಕದಂಥ ಧಾತುಗಳು ಅದಕ್ಕೆ ಸೇರುತ್ತಾ ಹೋಗುತ್ತವೆ. ಕ್ಷೀರಪಥ ತನ್ನ ಎಲ್ಲ ಅನಿಲವನ್ನೂ ಹುಟ್ಟಿನಲ್ಲೇ ಪಡೆದು ಬಾಗಿಲು ಮುಚ್ಚಿಕೊಂಡಿದ್ದರೆ, ಮೊದಲ ತಲೆಮಾರುಗಳಿಗೆ ಶುದ್ಧ ಅನಿಲ ಯಥೇಚ್ಛವಾಗಿ ಇರುತ್ತಿತ್ತು. ಆಗ ಹುಟ್ಟಿದ, ಧಾತುಗಳಲ್ಲಿ ಬಡವಾದ, ದೀರ್ಘಾಯುಷಿ ಸಣ್ಣ ನಕ್ಷತ್ರಗಳು ಇಂದಿಗೂ ರಾಶಿ ರಾಶಿ ಸಿಗಬೇಕಿತ್ತು. ಸಿಗುವುದಿಲ್ಲ. ಸೂರ್ಯನ ನೆರೆಯಲ್ಲಿ ಅವು ಆ ಲೆಕ್ಕಕ್ಕಿಂತ ಬಹಳ ವಿರಳ. 1960ರ ದಶಕದ ಆರಂಭದಲ್ಲೇ ವಾನ್ ಡೆನ್ ಬರ್ಗ್ ಮತ್ತು ಶ್ಮಿಟ್ ಈ ಕೊರತೆಯನ್ನು ಕಂಡುಕೊಂಡರು. ಅತ್ಯಂತ ಸರಳವಾದ ವಿವರಣೆ ಎಂದರೆ ಮೊದಲು ಅನಿಲ ಸ್ವಲ್ಪವೇ ಇತ್ತು, ಉಳಿದದ್ದು ನಿಧಾನವಾಗಿ ಬರುತ್ತಾ ಹೋಯಿತು. ಸ್ವಲ್ಪ ನೀರಿಗೆ ಉಪ್ಪು ಬೇಗ ಏರುತ್ತದೆ. ಏರಿದ ಮೇಲೆ ಹೊಸ ನೀರು ಬೆರೆಯುತ್ತಾ ಅದನ್ನು ಅಲ್ಲೇ ಹಿಡಿದಿಡುತ್ತದೆ.

ಮೂರನೆಯ ಸಾಕ್ಷಿಗೆ ಕನ್ನಡ ನಾಡಿನ ಸಂಬಂಧವಿದೆ, ಅದರ ಬಳಿ ಸ್ವಲ್ಪ ನಿಲ್ಲುತ್ತೇನೆ.

ಗೌರಿಬಿದನೂರಿನ ತಂತಿಗಳು

ಮೇಲೂರಿನಿಂದ ವಾಯವ್ಯಕ್ಕೆ, ನಂದಿಯ ಬೆಟ್ಟಗಳ ಆಚೆ, ಗೌರಿಬಿದನೂರಿನ ಬಳಿ ಬಯಲಿನಲ್ಲಿ ಕಂಬಗಳ ಮೇಲೆ ತಂತಿ ಕಟ್ಟಿದ ಒಂದು ದೂರದರ್ಶಕವಿದೆ. ಮೊದಲ ಸಲ ನೋಡಿದವರು ದ್ರಾಕ್ಷಿ ಚಪ್ಪರ ಅಂದುಕೊಂಡರೆ ತಪ್ಪಿಲ್ಲ. ತಟ್ಟೆಯೂ ಇಲ್ಲ, ಗುಮ್ಮಟವೂ ಇಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ 1970ರ ದಶಕದಲ್ಲಿ ಸೇರಿ ಕಟ್ಟಿದ್ದು. ಇಂಗ್ಲಿಷ್ ಟಿ ಅಕ್ಷರದ ಆಕಾರ, ಪೂರ್ವ ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್ ಚಾಚು, ಸಾವಿರ ಡೈಪೋಲ್‌ಗಳು. 34.5 ಮೆಗಾಹರ್ಟ್ಸ್ ಅದರ ಕಿವಿ, ಅಂದರೆ ಎಂಟೂಮುಕ್ಕಾಲು ಮೀಟರ್ ಉದ್ದದ ಅಲೆ. 1990ರಲ್ಲಿ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಇದರಿಂದಲೇ ಆಕಾಶದ ನಕ್ಷೆಯೊಂದನ್ನು ಪ್ರಕಟಿಸಿದರು.

ಇದೇ ತಂತಿಗಳು ಕ್ಷೀರಪಥದ ತಣ್ಣನೆ ಅನಿಲವನ್ನೂ ಕೇಳಿಸಿಕೊಂಡಿವೆ. ನಿಮಿಷಾ ಕಾಂತಾರಿಯಾ ಮತ್ತು ಕೆ.ಆರ್. ಅನಂತರಾಮಯ್ಯ 2001ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಕ್ಷೀರಪಥದ ತಟ್ಟೆಯ ದಿಕ್ಕಿನಲ್ಲಿ ಕಾರ್ಬನ್ ಪರಮಾಣುಗಳ ರೇಖೆಗಳನ್ನು 34.5 ಮೆಗಾಹರ್ಟ್ಸ್‌ನಲ್ಲಿ ಹಿಡಿದರು. ಈ ಅಲೆಯನ್ನು ಹೀರುವ ಕಾರ್ಬನ್ ಪರಮಾಣುವಿನ ಹೊರ ಎಲೆಕ್ಟ್ರಾನ್ 575ನೆಯ ಮಟ್ಟದ ಆಸುಪಾಸಿನಲ್ಲಿ ತೂಗಾಡುತ್ತಿರುತ್ತದೆ. ಆ ಮಟ್ಟದ ಪರಮಾಣುವಿನ ಅಡ್ಡಳತೆ ಲೆಕ್ಕ ಹಾಕಿದರೆ ಸುಮಾರು 35 ಮೈಕ್ರಾನ್. ಶಿಡ್ಲಘಟ್ಟದ ಗೂಡಿನಿಂದ ಬಿಚ್ಚಿದ ಒಂಟಿ ರೇಷ್ಮೆ ಎಳೆಗಿಂತ ದಪ್ಪ! ಒಂದೇ ಒಂದು ಪರಮಾಣು. ವಾದಕ್ಕೆ ಇದು ಬೇಕಾಗಿಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ.

ದೂರದ ಗ್ಯಾಲಕ್ಸಿಗಳ ಜಲಜನಕಕ್ಕೆ ಬೇರೆ ಕಿವಿ ಬೇಕು. ಜಲಜನಕದ ಪರಮಾಣು 1420 ಮೆಗಾಹರ್ಟ್ಸ್‌ನಲ್ಲಿ ಮೆಲ್ಲಗೆ ಉಸುರುತ್ತದೆ. ಅಲೆಯ ಉದ್ದ 21 ಸೆಂಟಿಮೀಟರ್, ಹತ್ತಿರ ಹತ್ತಿರ ಒಂದು ಗೇಣು. 1944ರಲ್ಲಿ ವಾನ್ ಡೆ ಹುಲ್ಸ್ಟ್ ಇದನ್ನು ಊಹಿಸಿದರು, 1951ರಲ್ಲಿ ಯೂವೆನ್ ಮತ್ತು ಪರ್ಸೆಲ್ ಕಂಡರು. ವಿಶ್ವ ಹಿಗ್ಗುವುದರಿಂದ ದೂರದ ಅಲೆ ದಾರಿಯಲ್ಲಿ ಹಿಗ್ಗುತ್ತದೆ. ಸುಮಾರು 890 ಕೋಟಿ ವರ್ಷ ಹಿಂದೆ ಹೊರಟ ಗೇಣಿನ ಅಲೆ ನಮ್ಮನ್ನು ಮುಟ್ಟುವಾಗ 48 ಸೆಂಟಿಮೀಟರ್, ಅಂದರೆ ಒಂದು ಮೊಳವಾಗಿರುತ್ತದೆ. ಗೇಣು ಹೊರಟು ಮೊಳವಾಗಿ ತಲುಪುವ ಈ ಪಿಸುಮಾತನ್ನು ಕೇಳಲು ಪುಣೆ ಬಳಿಯ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ತಟ್ಟೆಗಳ ರೇಡಿಯೊ ದೂರದರ್ಶಕ ಜಿಎಂಆರ್‌ಟಿ ಇದೆ.

2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಐವರ ಲೇಖನವೊಂದು ಬಂತು. ಪುಣೆಯ ಆದಿತ್ಯ ಚೌಧುರಿ, ನಿಸ್ಸಿಮ್ ಕಾನೇಕರ್, ಜಯರಾಮ್ ಚೆಂಗಲೂರ್. ಬೆಂಗಳೂರಿನ ರಾಮನ್ ಸಂಸ್ಥೆಯ ಶಿವ ಸೇಥಿ ಮತ್ತು, ಅದೇ ಗೌರಿಬಿದನೂರಿನ ನಕ್ಷೆಯ, ಕೆ.ಎಸ್. ದ್ವಾರಕಾನಾಥ್. ಸುಮಾರು 800 ಕೋಟಿ ವರ್ಷ ಹಿಂದಿನ 7,653 ಗ್ಯಾಲಕ್ಸಿಗಳ ಸಂಕೇತಗಳನ್ನು ಒಂದರ ಮೇಲೊಂದು ಪೇರಿಸಿ, ಸರಾಸರಿ ಗ್ಯಾಲಕ್ಸಿಯೊಂದರಲ್ಲಿ ಸುಮಾರು 1200 ಕೋಟಿ ಸೂರ್ಯತೂಕದ ಜಲಜನಕ ಇದೆಯೆಂದು ಅಳೆದರು. ದಾಸ್ತಾನು ದೊಡ್ಡದೇ. ಆದರೆ ಆ ಗ್ಯಾಲಕ್ಸಿಗಳು ಖರ್ಚು ಮಾಡುತ್ತಿದ್ದ ವೇಗಕ್ಕೆ ಅದು ನೂರು, ಹೆಚ್ಚೆಂದರೆ ಇನ್ನೂರು ಕೋಟಿ ವರ್ಷ ಸಾಲುವಂಥದ್ದು. ಹೊರಗಿನಿಂದ ತುಂಬದಿದ್ದರೆ ಒಣಗಲೇಬೇಕು.

2022ರಲ್ಲಿ ಚೌಧುರಿ, ಕಾನೇಕರ್, ಚೆಂಗಲೂರ್ ಇನ್ನೂ 500ಕ್ಕೂ ಹೆಚ್ಚು ಗಂಟೆಗಳ ವೀಕ್ಷಣೆಯಿಂದ ಒಂದು ಹೆಜ್ಜೆ ಮುಂದೆ ಹೋದರು. ಸುಮಾರು 890 ಕೋಟಿ ವರ್ಷ ಹಿಂದಿನಿಂದ 800 ಕೋಟಿ ವರ್ಷ ಹಿಂದಿನವರೆಗೆ, ಅಂದರೆ 100 ಕೋಟಿ ವರ್ಷಕ್ಕೂ ತುಸು ಕಮ್ಮಿ ಅವಧಿಯಲ್ಲಿ, ಸರಾಸರಿ ಜಲಜನಕ ಮೂರು ಪಟ್ಟು ಕುಸಿದಿತ್ತು. ವಿಶ್ವದಲ್ಲಿ ನಕ್ಷತ್ರೋತ್ಪತ್ತಿ ಇಳಿಜಾರಿಗೆ ಬಿದ್ದದ್ದೂ ಆ ಕಾಲದ ಸುತ್ತಮುತ್ತಲೇ. ಹಳ್ಳದ ನೀರು ಕೋಡಿಯ ಖರ್ಚಿಗೆ ಸಾಲದಾದಾಗ ಕೆರೆ ಇಳಿಯುತ್ತದೆ. ಇಳಿಯುವುದನ್ನೇ ಇಲ್ಲಿ ಕಂಡದ್ದು. ಸಿದ್ಧಾಂತಕ್ಕೆ ಇದಕ್ಕಿಂತ ನೇರವಾದ ಸಾಕ್ಷಿಯನ್ನು ನಾನು ಓದಿಲ್ಲ.

ಹಳ್ಳ ಸೊರಗಿದ್ದು ಏಕೆ? ವಿಶ್ವ ಹಿಗ್ಗಿದಂತೆ ಒಂದು ಗ್ಯಾಲಕ್ಸಿಯ ಸುತ್ತಲಿನ ದ್ರವ್ಯ ತೆಳುವಾಗುತ್ತದೆ, ಅದನ್ನು ಹೊತ್ತಿರುವ ಕಾಣದ ಕಪ್ಪುದ್ರವ್ಯದ ಬುಟ್ಟಿಗೆ ಬೀಳುವುದು ಕಮ್ಮಿಯಾಗುತ್ತದೆ. ಅದೇ ತೂಕದ ಬುಟ್ಟಿಗೆ 1000 ಕೋಟಿ ವರ್ಷ ಹಿಂದೆ ಬೀಳುತ್ತಿದ್ದುದರಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಇಂದು ಬೀಳುತ್ತದೆ ಎಂದು ಸಿದ್ಧಾಂತದ ಲೆಕ್ಕ ಹೇಳುತ್ತದೆ. ನಕ್ಷತ್ರೋತ್ಪತ್ತಿಯ ಇಳಿತವೂ ಹತ್ತು ಪಟ್ಟೇ ಎಂಬುದನ್ನು ಗಮನಿಸಿ.

ಮೂರನೆಯ ಪೂರ್ವಪಕ್ಷ: ಸರಾಸರಿಯ ಮೋಸ

ಸಾವಿರಾರು ಗ್ಯಾಲಕ್ಸಿಗಳನ್ನು ಪೇರಿಸಿ ಸರಾಸರಿ ತೆಗೆದರೆ ಯಾವ ಒಂದನ್ನೂ ನೋಡಿದಂತಾಗಲಿಲ್ಲ. ಅದೂ ನಕ್ಷತ್ರ ಹೆರುತ್ತಿರುವ ನೀಲಿ ಗ್ಯಾಲಕ್ಸಿಗಳನ್ನೇ ಆರಿಸಿ ಪೇರಿಸಿದ್ದು ಎನ್ನುತ್ತಾನೆ ಪೂರ್ವಪಕ್ಷಿ.

ಆರಿಸಿದ್ದು ನಿಜ. ಕೆರೆಯ ಲೆಕ್ಕ ಕೇಳುವಾಗ ಒಡೆದ ಕೆರೆಗಳನ್ನು ಬಿಟ್ಟು ಕೇಳಿದಂತೆ. ಪ್ರಶ್ನೆ ಇರುವುದೇ ಹರಿಯುತ್ತಿರುವ ಕೆರೆಗಳ ಬಗ್ಗೆ. ಒಂಟಿ ಗ್ಯಾಲಕ್ಸಿಯ ವಿಷಯಕ್ಕೆ ಬಂದರೆ, 2023ರಲ್ಲಿ ಅರ್ನಬ್ ಚಕ್ರವರ್ತಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್, ನಡುವೆ ನಿಂತ ಇನ್ನೊಂದು ಗ್ಯಾಲಕ್ಸಿಯ ಗುರುತ್ವ ಮಸೂರದಂತೆ ಹಿಗ್ಗಿಸಿ ತೋರಿಸಿದ ದೂರದ ಗ್ಯಾಲಕ್ಸಿಯೊಂದರ ಸಂಕೇತವನ್ನು ಜಿಎಂಆರ್‌ಟಿ ದತ್ತಾಂಶದಲ್ಲಿ ಕಂಡುದಾಗಿ ವರದಿ ಮಾಡಿದರು. ಅವರ ಅಳತೆಯಲ್ಲಿ ಅದರ ಜಲಜನಕ ಅದರ ನಕ್ಷತ್ರಗಳ ತೂಕದ ಸುಮಾರು ಎರಡರಷ್ಟು. ಒಂದೇ ಉದಾಹರಣೆಯ ಮೇಲೆ ಕಟ್ಟಡ ಕಟ್ಟುವುದು ಬೇಡ. ಸರಾಸರಿಯ ಚಿತ್ರಕ್ಕೆ ಅದು ವಿರುದ್ಧವಿಲ್ಲ ಎಂದಷ್ಟೇ ಹೇಳುತ್ತೇನೆ.

ನಾಲ್ಕನೆಯದು: ತುಂಬಿದ ಕೆರೆ, ಒಣಗಿದ ಗದ್ದೆ

ಗ್ಯಾಲಕ್ಸಿಗಳ ದೊಡ್ಡ ಗುಂಪುಗಳ ನಡುವೆ ಕೂತ ದೈತ್ಯ ಗ್ಯಾಲಕ್ಸಿಗಳನ್ನು ನೋಡಿ. ಪರ್ಸಿಯಸ್ ಗುಂಪಿನಲ್ಲಿ ಅನಿಲಕ್ಕೆ ಬರವಿಲ್ಲ, ಎಲ್ಲ ಗ್ಯಾಲಕ್ಸಿಗಳ ನಕ್ಷತ್ರಗಳಿಗಿಂತ ಅನಿಲದ ತೂಕವೇ ಹೆಚ್ಚು. ಆದರೂ ಇಷ್ಟು ಅನಿಲದ ಲೆಕ್ಕಕ್ಕೆ ಆ ದೈತ್ಯಗಳಲ್ಲಿ ಹುಟ್ಟು ಅಷ್ಟಕ್ಕಷ್ಟೆ. ಅನಿಲವೇ ಯಜಮಾನನಾಗಿದ್ದರೆ ಹೀಗೇಕೆ?

ಯಾಕೆಂದರೆ ಆ ಅನಿಲ ಕೋಟ್ಯಂತರ ಡಿಗ್ರಿ ಬಿಸಿ. ಆಕಾಶದಲ್ಲಿ ಮೋಡ ಎಷ್ಟಿದ್ದರೇನು, ಸುರಿಯದಿದ್ದರೆ ಕೆರೆಗೆ ಬಂದಂತಲ್ಲ. ಕಪ್ಪುದ್ರವ್ಯದ ಬುಟ್ಟಿಯ ತೂಕ ಸುಮಾರು ಲಕ್ಷ ಕೋಟಿ ಸೂರ್ಯರನ್ನು ದಾಟಿದ ಮೇಲೆ, ಬೀಳುವ ಅನಿಲ ಆಘಾತಕ್ಕೆ ಕಾದು ಮೇಲೆಯೇ ನಿಂತುಬಿಡುತ್ತದೆ. ತಣ್ಣಗಾಗಿ ಇಳಿಯಲು ಹೊರಟರೆ ನಡುವಿನ ಕಪ್ಪುಕುಳಿ ತನ್ನ ಜೆಟ್‌ಗಳಿಂದ ಮತ್ತೆ ಕಾಯಿಸುತ್ತದೆ. ಪೂರೈಕೆ ಎಂದರೆ ತಣ್ಣಗಾಗಿ ತಟ್ಟೆಗೆ ಇಳಿದ ಅನಿಲ. ಪೂರ್ವಪಕ್ಷಿ ಇಲ್ಲಿ ಸಿದ್ಧಾಂತವನ್ನು ಕೆಡವಲಿಲ್ಲ, ಪದದ ಅರ್ಥವನ್ನು ಬಿಗಿಮಾಡಿಸಿದ. ಅದಕ್ಕೆ ಅವನಿಗೆ ವಂದನೆ.

ಗ್ಯಾಲಕ್ಸಿ ಸಾಯುವುದು ಇದ್ದ ಅನಿಲ ಏಕಾಏಕಿ ಕೊಚ್ಚಿಹೋಗಿಯೋ, ಹಳ್ಳ ನಿಂತು ಮೆಲ್ಲಗೆ ಬತ್ತಿಯೋ ಎಂಬುದನ್ನೂ ನಕ್ಷತ್ರಗಳಲ್ಲಿ ಓದಬಹುದು. ಏಕಾಏಕಿ ಹೋದರೆ ಧಾತುಗಳು ಅಲ್ಲೇ ನಿಲ್ಲುತ್ತವೆ. ಬತ್ತುತ್ತಾ ಹೋದರೆ, ಹೊಸ ನೀರು ಬೆರೆಯದೆ ಕೊನೆಯ ತಲೆಮಾರುಗಳಲ್ಲಿ ಧಾತುಗಳು ಏರುತ್ತವೆ. ಕೊಳವೆಬಾವಿಯ ಫ್ಲೋರೈಡಿನ ಕಥೆಯೇ. 2015ರಲ್ಲಿ ಪೆಂಗ್, ಮಯೋಲಿನೋ, ಕಾಕ್ರೇನ್ ಸಾವಿರಾರು ಹತ್ತಿರದ ಗ್ಯಾಲಕ್ಸಿಗಳನ್ನು ಹೋಲಿಸಿ, ಸತ್ತವುಗಳಲ್ಲಿ ಧಾತುಗಳು ಜೀವಂತ ಗ್ಯಾಲಕ್ಸಿಗಳಿಗಿಂತ ಹೆಚ್ಚು ಎಂದು ತೋರಿಸಿದರು. ಹೆಚ್ಚಿನವು ಸುಮಾರು 400 ಕೋಟಿ ವರ್ಷ ತೆಗೆದುಕೊಂಡು ಕತ್ತು ಹಿಸುಕಿದಂತೆ ಸತ್ತಿವೆ ಎಂಬುದು ಅವರ ನಿರ್ಣಯ.

ಐದನೆಯದು: ಲೋಕದ ಲೆಕ್ಕ ಹೊಂದುವುದಿಲ್ಲ

ಆರಿಸಿದ ನೀಲಿ ಗ್ಯಾಲಕ್ಸಿಗಳದ್ದಷ್ಟೇ ಅಲ್ಲ, ಇಡೀ ವಿಶ್ವದ ತಟಸ್ಥ ಜಲಜನಕವನ್ನು ಕೂಡಿದರೆ, 1000 ಕೋಟಿ ವರ್ಷಗಳಲ್ಲಿ ಅದು ಅರ್ಧಕ್ಕಿಳಿದಿರಬಹುದು, ಅಷ್ಟೆ. ಹುಟ್ಟು ಮಾತ್ರ ಹತ್ತು ಪಟ್ಟು ಇಳಿದಿದೆ. ಇದು ನನ್ನ ವಿರುದ್ಧದ ಸಾಕ್ಷಿ ಎಂದು ಮೊದಲು ಓದಿದಾಗ ನಾನೂ ಗಾಬರಿಯಾಗಿದ್ದೆ. ಯೋಚಿಸಿದರೆ ಇದು ದಾಸ್ತಾನುವಾದಿಗೆ ವಿರುದ್ಧ. ದಾಸ್ತಾನು ಹೆಚ್ಚುಕಡಿಮೆ ಅಷ್ಟೇ ಇದ್ದು ಹುಟ್ಟು ಇಳಿದಿದೆಯೆಂದರೆ ದಾಸ್ತಾನು ಯಜಮಾನನಲ್ಲ. ಪರಮಾಣು ಜಲಜನಕ ಹೊರವಲಯದ ನೀರು. ತೂಬಿನ ಬಾಯಿಗೆ ಬಂದದ್ದು ಅಣು ಜಲಜನಕ. ಅದರ ಸರಾಸರಿ ಸಾಂದ್ರತೆ ಚಿಲಿಯ ಆಲ್ಮಾ ದೂರದರ್ಶಕದ ಸಮೀಕ್ಷೆಗಳಲ್ಲಿ ಆರು ಪಟ್ಟಿನ ಆಸುಪಾಸು ಇಳಿದು, ಹುಟ್ಟಿನ ಜೊತೆಗೇ ಹೆಜ್ಜೆ ಹಾಕಿದೆ.

ಆರನೆಯದು: ಗ್ಯಾಲಕ್ಸಿ ಕೆರೆಯಲ್ಲ

ಕೆರೆಯ ಕೋಡಿ ನೀರು ಕೆಳಗಿನ ಊರಿಗೆ ಹೋದರೆ ಹೋಯಿತು, ಮೇಲಕ್ಕೆ ಮರಳದು. ಗ್ಯಾಲಕ್ಸಿಯಿಂದ ಸೂಪರ್ನೋವಾಗಳು ಎಸೆದ ಅನಿಲ ಕಾರಂಜಿಯಂತೆ ಮೇಲೆ ಹೋಗಿ ಬಹುಪಾಲು ಮತ್ತೆ ಅದೇ ತಟ್ಟೆಗೆ ಬೀಳುತ್ತದೆ. ಒಳಹರಿವು, ಹೊರಹರಿವು ಎಂಬ ಎರಡು ಖಾತೆ ಬೇರೆ ಬೇರೆ ಉಳಿಯುವುದೇ ಇಲ್ಲ ಎಂಬುದು ಆಕ್ಷೇಪ.

ಹೋಲಿಕೆಯ ಮಿತಿಯನ್ನು ಒಪ್ಪುತ್ತೇನೆ. ಆದರೆ ನಮ್ಮ ಕೆರೆಗಳೂ ಈಗ ಹಳೆಯ ಕೆರೆಗಳಲ್ಲ. ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಬಚ್ಚಲು ನೀರು ಸಂಸ್ಕರಣೆಯಾಗಿ ಪಂಪಿನಲ್ಲಿ ಏರಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿದೆ. ಒಮ್ಮೆ ಬಳಸಿದ ನೀರೇ ಮತ್ತೆ ಹಳ್ಳ. ಏರಿಯ ಮೇಲಿನ ಹಿರಿಯರು ಅದನ್ನು ಲೆಕ್ಕಕ್ಕೆ ಸೇರಿಸುತ್ತಾರೆ, ಮಳೆನೀರಿನ ಜೊತೆ ಬೆರೆಸಿ ಮಾತ್ರ ಹೇಳುವುದಿಲ್ಲ: "ಅದು ಬೇರೆ, ಇದು ಬೇರೆ." ಖಗೋಳಶಾಸ್ತ್ರಕ್ಕೂ ಅದೇ ಕೆಲಸ ಬಿದ್ದಿದೆ. ಮರಳಿದ ಅನಿಲಕ್ಕೆ ಧಾತುಗಳ ರುಚಿ ಇರುತ್ತದೆ, ಹೊಸ ಅನಿಲಕ್ಕೆ ಇರುವುದಿಲ್ಲ. ಬೇರ್ಪಡಿಸಲು ಹಿಡಿ ಅದೇ. ಮರಳುವ ಪಾಲು ಹೆಚ್ಚಾದರೆ ಮೇಲಿನ ಲೆಕ್ಕದ 1.6 ಇಳಿದು 0.6ರ ಕಡೆಗೆ ಸರಿಯುತ್ತದೆ, ಅಷ್ಟೇ ಹರಿವಿಗೆ ಹುಟ್ಟು ಹೆಚ್ಚುತ್ತದೆ. ಸೂತ್ರದ ಆಕಾರ ಹಾಗೇ ನಿಲ್ಲುತ್ತದೆ.

ಸಂಗತಿ

ಇನ್ನು ಈ ಸಿದ್ಧಾಂತ ಯಾವಾಗ ಬೀಳುತ್ತದೆ ಎಂಬುದನ್ನೂ ಹೇಳಬೇಕು. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದಲ್ಲಿ, ಭಾರತವೂ ಪಾಲುದಾರನಾಗಿ, ಚದರ ಕಿಲೋಮೀಟರ್ ವ್ಯೂಹ ಎಂಬ ದೂರದರ್ಶಕ ಏಳುತ್ತಿದೆ. 800 ಕೋಟಿ ವರ್ಷ ಹಿಂದಿನ ಗ್ಯಾಲಕ್ಸಿಗಳನ್ನು ಅದು ಪೇರಿಸದೆ, ಒಂದೊಂದಾಗಿ ನೋಡುವ ನಿರೀಕ್ಷೆ ಇದೆ. ದೊಡ್ಡ, ದಟ್ಟ ತಟ್ಟೆಯ ಗ್ಯಾಲಕ್ಸಿಗಳಲ್ಲಿ ಅನೇಕವು ತಣ್ಣನೆ ಅನಿಲ ತುಂಬಿಕೊಂಡೂ ನೂರಾರು ಕೋಟಿ ವರ್ಷ ನಕ್ಷತ್ರ ಹೆರದೆ ಕೂತಿದ್ದವು ಎಂದು ಆಗ ಕಂಡರೆ, ನಾನು ಕುಬ್ಜ ಗ್ಯಾಲಕ್ಸಿಗಳಿಗೆ ಮಾತ್ರ ಬಿಟ್ಟುಕೊಟ್ಟ ವಿನಾಯಿತಿ ಎಲ್ಲಕ್ಕೂ ಹರಡುತ್ತದೆ, ಮೊದಲ ಪೂರ್ವಪಕ್ಷಿ ಗೆದ್ದ ಹಾಗೆ. ತುಂಬಿದ ಕೆರೆಯ ಕೆಳಗೆ ಒಣಗಿದ ಗದ್ದೆ ಕಂಡರೆ ನೀರುಗಂಟಿ ಹಳ್ಳವನ್ನು ಬೈಯುವುದಿಲ್ಲ, ತೂಬಿನೊಳಗೆ ಕೈ ಹಾಕಿ ನೋಡುತ್ತಾನೆ.